ಮಂಗಳನ ಕತೆಗಳು, ಅನುಮಾನದ ಹುಡುಗ

1911ನೇ ಇಸವಿ. ಅಮೆರಿಕದ ಶಿಕಾಗೊ ನಗರದಲ್ಲಿ ಎಡ್ಗರ್ ರೈಸ್ ಬರೋಸ್ ಎಂಬ, ವಯಸ್ಸು ಮೂವತ್ತೈದು ದಾಟಿದ ಸಂಸಾರಸ್ಥನೊಬ್ಬ ಪೆನ್ಸಿಲ್ ಹೆರೆಯುವ ಸಾಧನಗಳನ್ನು ಮಾರಿಸುವ ಕೆಲಸದಲ್ಲಿದ್ದ. ಅದಕ್ಕೆ ಮೊದಲು ಹಿಡಿದು ಬಿಟ್ಟ ಉದ್ಯೋಗಗಳು ಹಲವು. ಯಾವುದೂ ಕೈಹಿಡಿದಿರಲಿಲ್ಲ. ಮನೆಯಲ್ಲಿ ಹೆಂಡತಿ, ಇಬ್ಬರು ಎಳೆಯ ಮಕ್ಕಳು. ಬಿಡುವಿನಲ್ಲಿ ಅಗ್ಗದ ಕತೆ ಪತ್ರಿಕೆಗಳನ್ನು ತಿರುವಿ ಹಾಕುತ್ತಿದ್ದ ಅವನಿಗೆ, ಇಂಥದ್ದನ್ನು ತಾನೂ ಬರೆಯಬಲ್ಲೆ ಅನ್ನಿಸಿತು. ಬರೆದೇಬಿಟ್ಟ. 'ಆಲ್ ಸ್ಟೋರಿ' ಎಂಬ ಪತ್ರಿಕೆ 400 ಡಾಲರ್ ಕೊಟ್ಟು ಆ ಕತೆಯನ್ನು ಕೊಂಡುಕೊಂಡು, 1912ರ ಫೆಬ್ರವರಿಯಿಂದ ಜುಲೈವರೆಗೆ ಧಾರಾವಾಹಿಯಾಗಿ ಪ್ರಕಟಿಸಿತು. ಇಂಥ ಕತೆ ಬರೆದವನಿಗೆ ತಲೆ ಸರಿಯಿಲ್ಲ ಎಂದು ಜನ ಆಡಿಕೊಂಡಾರು ಎಂಬ ಅಳುಕಿನಿಂದ ಅವನು 'ನಾರ್ಮಲ್ ಬೀನ್', ಅಂದರೆ 'ತಲೆ ನೆಟ್ಟಗಿರುವವ', ಎಂದು ಗುಪ್ತನಾಮ ಇಟ್ಟುಕೊಂಡಿದ್ದ. ಪತ್ರಿಕೆಯವರು ಅದನ್ನು ತಪ್ಪೆಂದು ತಿಳಿದು 'ನಾರ್ಮನ್ ಬೀನ್' ಎಂದು ತಿದ್ದಿ ಅಚ್ಚು ಹಾಕಿದರು!

ಅದೇ ವರ್ಷ ಅದೇ ಪತ್ರಿಕೆಯಲ್ಲಿ ಬಂದ ಅವನ ಇನ್ನೊಂದು ಕತೆಯ ನಾಯಕನ ಹೆಸರು ಟಾರ್ಜಾನ್. ಅವನನ್ನು ಅರಿಯದವರಿಲ್ಲ. ಆದರೆ ಮೊದಲನೆಯ ಕತೆಯ ಪ್ರಭಾವ ಮಾತ್ರ ಬೇರೆಯೇ ದಾರಿ ಹಿಡಿದು, ಎಲ್ಲಿಯೋ ಹೋಗಿ ಮುಟ್ಟಿತು.

ಬಾರ್ಸೂಮ್ ಎಂಬ ಲೋಕ

ಆ ಕತೆ 1917ರಲ್ಲಿ 'ಎ ಪ್ರಿನ್ಸೆಸ್ ಆಫ್ ಮಾರ್ಸ್' ಎಂಬ ಹೆಸರಿನಲ್ಲಿ ಪುಸ್ತಕವಾಯಿತು. ಜಾನ್ ಕಾರ್ಟರ್ ಎಂಬ ಮಾಜಿ ಸೈನಿಕ ಅರಿಜೋನದ ಗುಹೆಯೊಂದರ ಬಾಗಿಲಲ್ಲಿ ನಿಂತು, ಆಕಾಶದಲ್ಲಿ ಕೆಂಪಗೆ ಹೊಳೆಯುವ ಮಂಗಳನ ಕಡೆಗೆ ಕೈ ಚಾಚುತ್ತಾನೆ. ಮರುಕ್ಷಣ ಮಂಗಳದ ನೆಲದ ಮೇಲಿರುತ್ತಾನೆ. ರಾಕೆಟ್ಟೂ ಇಲ್ಲ, ಯಂತ್ರವೂ ಇಲ್ಲ. ಅಲ್ಲಿಯವರು ತಮ್ಮ ಲೋಕವನ್ನು ಬಾರ್ಸೂಮ್ ಎನ್ನುತ್ತಾರೆ. ಅಲ್ಲಿ ಬತ್ತಿಹೋದ ಸಮುದ್ರಗಳಿವೆ, ಪಾಳುಬಿದ್ದ ನಗರಗಳಿವೆ, ಉದ್ದುದ್ದ ಕಾಲುವೆಗಳಿವೆ. ನಾಲ್ಕು ತೋಳುಗಳ, ಹದಿನೈದು ಅಡಿ ಎತ್ತರದ ಹಸುರು ಮನುಷ್ಯರಿದ್ದಾರೆ. ಗಾಳಿಯನ್ನು ತಯಾರಿಸುವ ಒಂದು ಕಾರ್ಖಾನೆಯಿದೆ. ಅದು ನಿಂತರೆ ಇಡೀ ಗ್ರಹವೇ ಉಸಿರುಕಟ್ಟಿ ಸಾಯುತ್ತದೆ. ದೇಜಾ ಥೋರಿಸ್ ಎಂಬ ರಾಜಕುಮಾರಿಯಿದ್ದಾಳೆ. ಮೇಲೆ ವಿಮಾನಗಳ ಕಾಳಗ, ಕೆಳಗೆ ಕತ್ತಿವರಸೆ.

ವಿಜ್ಞಾನದ ವೇಷ ತೊಟ್ಟ ಅದ್ಭುತ ಕತೆ ಎಂದರೆ ಇದೇ. ಗ್ರಹ ನಿಜ, ಅದರ ಎರಡು ಚಂದ್ರರು ನಿಜ, ಉಳಿದದ್ದು ಮಾಯಾಬಜಾರು. ಓದುಗರು ಮುಗಿಬಿದ್ದರು. ಬರೋಸ್ ಸರಣಿ ಮುಂದುವರಿಸಿದ. ಅವನು 1950ರಲ್ಲಿ ತೀರಿಕೊಂಡ ಮೇಲೆ, 1964ರಲ್ಲಿ ಪ್ರಕಟವಾದ ಕೊನೆಯದೂ ಸೇರಿ ಹನ್ನೊಂದು ಪುಸ್ತಕಗಳಾದವು.

ಬ್ರೂಕ್ಲಿನ್‌ನ ಓದುಗ

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಬಡಾವಣೆಯಲ್ಲಿ 1934ರ ನವೆಂಬರ್ 9ರಂದು ಹುಟ್ಟಿದ ಕಾರ್ಲ್ ಸೇಗನ್ ಎಂಬ ಹುಡುಗ ಈ ಪುಸ್ತಕಗಳ ಕಟ್ಟಾ ಓದುಗನಾಗಿದ್ದ. ತಂದೆ ಬಟ್ಟೆ ಉದ್ದಿಮೆಯಲ್ಲಿ ದುಡಿಯುತ್ತಿದ್ದವರು. ನಕ್ಷತ್ರಗಳೆಂದರೇನು ಎಂದು ಹುಡುಗ ಕೇಳಿದರೆ ಬೀದಿಯಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಗ್ರಂಥಾಲಯಕ್ಕೆ ಹೋಗಿ 'ಸ್ಟಾರ್'ಗಳ ಬಗ್ಗೆ ಪುಸ್ತಕ ಬೇಕೆಂದ. ಅಲ್ಲಿದ್ದಾಕೆ ಹುಡುಕಿ ತಂದುಕೊಟ್ಟದ್ದು ಹಾಲಿವುಡ್ ತಾರೆಯರ ಚಿತ್ರಗಳಿದ್ದ ಪುಸ್ತಕ! ಕೊನೆಗೆ ಸರಿಯಾದ ಪುಸ್ತಕ ಸಿಕ್ಕಿತು. ನಕ್ಷತ್ರಗಳೆಲ್ಲ ಬಲು ದೂರದ ಸೂರ್ಯರೆಂದು ಅದರಲ್ಲಿ ಓದಿದಾಗ ಹುಡುಗನ ಜಗತ್ತು ಒಮ್ಮೆಲೇ ಹಿಗ್ಗಿತು.

ಅದೇ ವಯಸ್ಸಿನಲ್ಲಿ ಅವನ ಕೈಗೆ ಬಾರ್ಸೂಮ್ ಕತೆಗಳು ಸಿಕ್ಕವು. ಉಸಿರು ಬಿಗಿಹಿಡಿದು ಓದಿದ. ಸಂಜೆಯ ಹೊತ್ತು ಖಾಲಿ ಬಯಲಲ್ಲಿ ನಿಂತು, ತಾನು ಮಂಗಳವೆಂದುಕೊಂಡ ಚುಕ್ಕಿಯ ಕಡೆಗೆ ಜಾನ್ ಕಾರ್ಟರನಂತೆಯೇ ಎರಡೂ ಕೈ ಚಾಚಿ, ತನ್ನನ್ನೂ ಕರೆದುಕೊಳ್ಳೆಂದು ಗಂಟೆಗಟ್ಟಲೆ ಬೇಡಿಕೊಂಡ. ಏನೂ ಆಗಲಿಲ್ಲ. ಬೇರೆ ಉಪಾಯ ಬೇಕೆಂದು ಅವನಿಗೆ ಕ್ರಮೇಣ ಮನವರಿಕೆಯಾಯಿತು. ಈ ಪ್ರಸಂಗವನ್ನು ಸೇಗನ್ ಅವರೇ 1980ರ ತಮ್ಮ 'ಕಾಸ್ಮೋಸ್' ಗ್ರಂಥದಲ್ಲಿ ನೆನೆದಿದ್ದಾರೆ.

ಆದರೆ ಇಷ್ಟೇ ಆಗಿದ್ದರೆ ಅದು ಕತೆಯ ಗುಂಗು ಹಿಡಿದ ಇನ್ನೊಬ್ಬ ಹುಡುಗನ ಸಂಗತಿಯಾಗುತ್ತಿತ್ತು. ವಿಶೇಷವಿರುವುದು ಮುಂದಿನ ಮಾತಿನಲ್ಲಿ. ಅದೇ ಹುಡುಗ ಅದೇ ಪುಸ್ತಕಗಳ ಜೊತೆ ಜಗಳವನ್ನೂ ತೆಗೆದ.

ಮೊದಲ ತಕರಾರುಗಳು

ಅವನು ಮೊದಲು ಓದಿದ ಬಾರ್ಸೂಮ್ ಕತೆಯ ಒಂದು ತಿರುವು ಮಂಗಳದ ವರ್ಷದ ಮೇಲೆ ನಿಂತಿತ್ತು. ಮಂಗಳದ ವರ್ಷ ಭೂಮಿಯ ವರ್ಷಕ್ಕಿಂತ ದೀರ್ಘವೆಂಬುದನ್ನು ನಾಯಕ ಮರೆತೇಬಿಟ್ಟಿದ್ದನಂತೆ. ಹುಡುಗನಿಗೆ ಇದು ಒಪ್ಪಿಗೆಯಾಗಲಿಲ್ಲ. ಬೇರೆ ಗ್ರಹಕ್ಕೆ ಹೋದವನು ಹಗಲೆಷ್ಟು, ವರ್ಷವೆಷ್ಟು ಎಂದು ಮೊದಲು ವಿಚಾರಿಸಬೇಡವೆ? ಮಂಗಳ ಸೂರ್ಯನನ್ನು ಸುತ್ತಲು ನಮ್ಮ 687 ದಿನ ಬೇಕು. ಅಲ್ಲಿ ಹತ್ತನೆಯ ಹುಟ್ಟುಹಬ್ಬ ಆಚರಿಸುವ ಬಾಲಕನಿಗೆ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಹತ್ತೊಂಬತ್ತು ವರ್ಷ! ಮರೆಯುವಂಥ ವ್ಯತ್ಯಾಸವಲ್ಲ.

ಎರಡನೆಯ ತಕರಾರು ಬಣ್ಣದ್ದು. ಭೂಮಿಯಲ್ಲಿ ಇಲ್ಲದ ಎರಡು ಬಣ್ಣಗಳು ಮಂಗಳದಲ್ಲಿವೆ ಎಂದು ಬರೋಸ್ ಮಾತಿನ ನಡುವೆ ಹೇಳಿಬಿಡುತ್ತಾನೆ. ಹುಡುಗ ಕಣ್ಣು ಬಿಗಿಯಾಗಿ ಮುಚ್ಚಿ ಕುಳಿತು, ಹಿಂದೆಂದೂ ಕಾಣದ ಒಂದು ಹೊಸ ಮೂಲವರ್ಣವನ್ನು ಕಲ್ಪಿಸಿಕೊಳ್ಳಲು ಹೆಣಗಾಡಿದ. ಎಷ್ಟು ಯತ್ನಿಸಿದರೂ ಬಂದದ್ದು ಎಲ್ಲೋ ನೋಡಿದ ಮಂಕು ಕಂದೋ, ನೇರಳೆಯ ಛಾಯೆಯೋ. ಆಗ ಅವನಿಗೆ ನಿಜವಾದ ಪ್ರಶ್ನೆ ಹೊಳೆಯಿತು: ಮೂಲವರ್ಣವೆಂಬುದು ಬೆಳಕಿನ ಗುಣವೋ, ನಮ್ಮ ಕಣ್ಣಿನ ಗುಣವೋ?

ಹೈಸ್ಕೂಲಿನ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಾಮನಬಿಲ್ಲಿನಲ್ಲಿ ಗೋಚರ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೊಮೀಟರ್‌ವರೆಗೆ ಎಡೆಬಿಡದೆ ಬದಲಾಗುತ್ತ ಹೋಗುತ್ತದೆ. ಅಲ್ಲಿ ಎಲ್ಲಿಯೂ ಗೆರೆ ಎಳೆದಿಲ್ಲ. ಕೆಂಪು, ಹಸುರು, ನೀಲಿ ಎಂಬ ಮೂರೇ ಮೂಲವರ್ಣಗಳಿಂದ ಉಳಿದ ಬಣ್ಣಗಳನ್ನು ಬೆರೆಸಲು ಸಾಧ್ಯವಾಗುವುದಕ್ಕೆ ಕಾರಣ, ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರು ಬಗೆಯವಾಗಿರುವುದು. ನಾಯಿಗೆ ಎರಡೇ ಬಗೆ. ಬಹಳಷ್ಟು ಹಕ್ಕಿಗಳಿಗೆ ನಾಲ್ಕು ಬಗೆ. ಜೇನ್ನೊಣಕ್ಕೆ ಕೆಂಪು ಕಾಣದು, ಆದರೆ ನಮಗೆ ಕಾಣದ ಅತಿನೇರಳೆ ಅದಕ್ಕೆ ಕಾಣುತ್ತದೆ. ಅಂದಮೇಲೆ, ಮಂಗಳಕ್ಕೆ ಹೋದ ಮಾತ್ರಕ್ಕೆ ಜಾನ್ ಕಾರ್ಟರನ ಕಣ್ಣಿಗೆ ಹೊಸ ಬಣ್ಣ ಕಾಣಿಸುವಂತಿಲ್ಲ. ಅವನು ಜೊತೆಗೆ ಕೊಂಡೊಯ್ದದ್ದು ಭೂಮಿಯ ಕಣ್ಣನ್ನೇ.

ಬರೋಸ್‌ಗೆ ಈ ವಿಷಯ ತಿಳಿದಿರಲಿಕ್ಕಿಲ್ಲ ಎಂದು ಹುಡುಗ ತೀರ್ಮಾನಿಸಿದ. ಆದರೆ ತಿಳಿಯದವನು ಬರೆದ ಒಂದು ಸಾಲು ತನ್ನನ್ನು ಅಷ್ಟು ಹೊತ್ತು ಯೋಚನೆಗೆ ಹಚ್ಚಿತಲ್ಲ ಎಂಬುದನ್ನೂ ಅವನು ಮರೆಯಲಿಲ್ಲ. ಯೋಚಿಸಲು ಏನೂ ಇಲ್ಲದ ಅಧ್ಯಾಯಗಳಲ್ಲಿ ದುಷ್ಟ ವೈರಿಗಳೂ ಕತ್ತಿಕಾಳಗವೂ ಧಾರಾಳವಾಗಿದ್ದವು. ಬೇಸಿಗೆಯ ಬ್ರೂಕ್ಲಿನ್‌ನಲ್ಲಿ ಹೊತ್ತು ಕಳೆಯಬೇಕಾದ ಹತ್ತರ ಬಾಲಕನಿಗೆ ಅದೇನೂ ಕಡಿಮೆಯಲ್ಲ ಎಂದು ದೊಡ್ಡವರಾದ ಮೇಲೆ ಸೇಗನ್ ನಗುತ್ತಲೇ ಬರೆದಿದ್ದಾರೆ.

ಲೆಕ್ಕಕ್ಕೆ ಸಿಕ್ಕ ನೆಗೆತ

ಇಂಥ ಪರೀಕ್ಷೆಗೆ ಬಾರ್ಸೂಮ್‌ನ ಇತರ ಸಂಗತಿಗಳನ್ನೂ ಒಡ್ಡಬಹುದು. ಮಂಗಳದ ಗುರುತ್ವ ಕಡಿಮೆಯಾದ್ದರಿಂದ ಜಾನ್ ಕಾರ್ಟರ್ ಅಲ್ಲಿ ಭಾರಿ ನೆಗೆತಗಾರ. ವಿಚಾರ ಸರಿಯೇ. ಮಂಗಳದ ಮೇಲ್ಮೈ ಗುರುತ್ವ ಭೂಮಿಯದರ ಶೇಕಡಾ 38ರಷ್ಟು. ಇಲ್ಲಿ ಅರ್ಧ ಮೀಟರ್ ಎತ್ತರ ನೆಗೆಯುವ ಹುಡುಗ ಅದೇ ಶಕ್ತಿ ಹಾಕಿದರೆ ಅಲ್ಲಿ 0.5ನ್ನು 0.38ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 1.3 ಮೀಟರ್ ನೆಗೆದಾನು. ಆದರೆ ಕತೆಯ ನಾಯಕ ಮೂವತ್ತಡಿ ಮೇಲಕ್ಕೆ ಚಿಮ್ಮಿ ನೂರಡಿ ಆಚೆ ಇಳಿಯುತ್ತಾನೆ! ತತ್ತ್ವ ಸರಿ, ಅಂಕಿ ತಪ್ಪು.

ಇನ್ನು ಮದುವೆಯ ಸಂಗತಿ. ಬಾರ್ಸೂಮ್‌ನ ರಾಜಕುಮಾರಿ ಮೊಟ್ಟೆ ಇಡುವ ಜಾತಿಯವಳು. ಜಾನ್ ಕಾರ್ಟರನಿಗೂ ಅವಳಿಗೂ ಮಕ್ಕಳಾಗುತ್ತವೆ. ಹಲಸಿಗೂ ಮಾವಿಗೂ ಸಂಕರ ಮಾಡಿ ಹೊಸ ಹಣ್ಣು ಬೆಳೆಯುವುದು ಆಗದ ಮಾತು ಎಂದು ನಮ್ಮ ತೋಟಗಾರರೂ ಬಲ್ಲರು. ಆದರೆ ಅವೆರಡೂ ಒಂದೇ ಭೂಮಿಯ ಮೇಲೆ, ಒಂದೇ ಮೂಲದಿಂದ ಕವಲೊಡೆದು ಬಂದ ಮರಗಳು. ಬೇರೆ ಬೇರೆ ಗ್ರಹಗಳಲ್ಲಿ ಪ್ರತ್ಯೇಕವಾಗಿ ವಿಕಾಸವಾದ ಎರಡು ಜೀವಿಗಳ ನಡುವೆ ಅಷ್ಟು ನಂಟೂ ಇರಲಾರದು.

ಹಾಗೆಂದು ಎಲ್ಲವೂ ಸುಳ್ಳಲ್ಲ. ಮಂಗಳದ ಹತ್ತಿರದ ಚಂದ್ರ ಏಳೂವರೆ ಗಂಟೆಗಿಂತ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಗ್ರಹವನ್ನು ಸುತ್ತುತ್ತದೆ ಎಂದು ಬರೋಸ್ ಬರೆದದ್ದು ಸರಿ. 1877ರಲ್ಲಿ ಅಸಾಫ್ ಹಾಲ್ ಎಂಬ ಖಗೋಳಜ್ಞರು ಪತ್ತೆಹಚ್ಚಿದ ಫೋಬೋಸ್ ಉಪಗ್ರಹಕ್ಕೆ ಒಂದು ಸುತ್ತಿಗೆ ಬೇಕಾಗುವುದು 7 ಗಂಟೆ 39 ನಿಮಿಷ. ಮಂಗಳ ತನ್ನ ಅಕ್ಷದ ಮೇಲೆ ಒಮ್ಮೆ ತಿರುಗಲು 24 ಗಂಟೆ 37 ನಿಮಿಷ ತೆಗೆದುಕೊಳ್ಳುತ್ತದೆ. ನೆಲ ತಿರುಗುವುದಕ್ಕಿಂತ ವೇಗವಾಗಿ ಚಂದ್ರ ಓಡುವುದರಿಂದ ಅಲ್ಲಿ ಫೋಬೋಸ್ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ. ಕಟ್ಟುಕತೆಗಿಂತ ನಿಜವೇ ವಿಚಿತ್ರ!

ಕತೆಗಾರನೂ ಖಗೋಳಜ್ಞನೂ

ಬತ್ತುವ ಮಂಗಳ, ಅದರ ಕಾಲುವೆಗಳು ಬರೋಸ್‌ನ ಸ್ವಂತ ಕಲ್ಪನೆಯಲ್ಲ. 1877ರಲ್ಲಿ ಇಟಲಿಯ ಶಿಯಾಪರೆಲ್ಲಿ ಮಂಗಳದ ಮೇಲೆ ಗೆರೆಗಳನ್ನು ಕಂಡು ಅವುಗಳನ್ನು 'ಕನಾಲಿ' ಎಂದು ಕರೆದರು. ಆ ಮಾತಿಗೆ ಸ್ವಾಭಾವಿಕ ಕಾಲುವೆ ಎಂಬ ಅರ್ಥವೂ ಇತ್ತು. ಇಂಗ್ಲಿಷಿಗೆ ಬರುವಾಗ ಅದು ಮನುಷ್ಯ ತೋಡಿದ ನಾಲೆ ಎಂಬ ಅರ್ಥ ಪಡೆಯಿತು. ಅಮೆರಿಕದ ಶ್ರೀಮಂತ ಪರ್ಸಿವಲ್ ಲೊವೆಲ್ 1894ರಲ್ಲಿ ಅರಿಜೋನದ ಫ್ಲಾಗ್‌ಸ್ಟಾಫ್‌ನಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಸಿ, ವರ್ಷಗಟ್ಟಲೆ ನಾಲೆಗಳ ನಕ್ಷೆ ಬರೆದರು. ಧ್ರುವದ ಹಿಮ ಕರಗಿಸಿ ಬರಗಾಲದ ಹೊಲಗಳಿಗೆ ನೀರು ಹಾಯಿಸುವ ಜಾಣ ಜನ ಅಲ್ಲಿದ್ದಾರೆಂದು ಪುಸ್ತಕಗಳನ್ನೇ ಬರೆದರು.

ಅವರನ್ನು ಒಪ್ಪದವರೂ ಇದ್ದರು. ಇಂಗ್ಲೆಂಡಿನ ಮೌಂಡರ್ ಮತ್ತು ಇವಾನ್ಸ್ 1903ರಲ್ಲಿ ಒಂದು ಸೊಗಸಾದ ಪ್ರಯೋಗದ ವರದಿ ಪ್ರಕಟಿಸಿದರು. ಚುಕ್ಕೆ, ಮಸುಕು ಕಲೆಗಳಷ್ಟೇ ಇದ್ದ ಮಂಗಳದ ಚಿತ್ರವನ್ನು ತೂಗುಹಾಕಿ, ಬೇರೆ ಬೇರೆ ದೂರದಲ್ಲಿ ಕುಳಿತ ಶಾಲಾ ಬಾಲಕರಿಗೆ ಅದನ್ನು ನೋಡಿ ಬರೆಯಲು ಹೇಳಿದ್ದರು. ಸ್ವಲ್ಪ ದೂರದಲ್ಲಿದ್ದ ಹಲವರು ಬರೆದದ್ದು ನೇರ ಗೆರೆಗಳನ್ನು! ಸರಿಯಾಗಿ ಕಾಣದ ಚುಕ್ಕೆಗಳನ್ನು ಕಣ್ಣೂ ಮಿದುಳೂ ಸೇರಿ ಗೆರೆಯಾಗಿ ಜೋಡಿಸುತ್ತವೆ. ಯಾವ ಶಾಲೆಯಲ್ಲಾದರೂ ಒಂದು ರಟ್ಟು, ಒಂದಿಷ್ಟು ಶಾಯಿಯಿಂದ ಇದನ್ನು ಇಂದೂ ಮಾಡಿ ನೋಡಬಹುದು. ಲೊವೆಲ್ ಮಾತ್ರ 1916ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ನಾಲೆಗಳನ್ನು ಕೈಬಿಡಲಿಲ್ಲ.

ಬರೋಸ್ ಮತ್ತು ಲೊವೆಲ್ ಇಬ್ಬರೂ ಇಲ್ಲದ ಮಂಗಳವನ್ನೇ ಚಿತ್ರಿಸಿದರು. ಒಬ್ಬ ಅದನ್ನು ಕತೆಯೆಂದು ಮಾರಿದ. ಇನ್ನೊಬ್ಬರು, ದೊಡ್ಡ ದೂರದರ್ಶಕದ ಒಡೆಯರು, ಅದನ್ನು ಸತ್ಯವೆಂದು ನಂಬಿದರು, ನಂಬಿಸಿದರು. ಓದುವ ಮಕ್ಕಳಿಗೆ ಅಪಾಯ ಯಾವುದರಿಂದ ಹೆಚ್ಚು? ತನ್ನನ್ನು ಕತೆಯೆಂದೇ ಕರೆದುಕೊಳ್ಳುವ ಸುಳ್ಳಿಗಿಂತ, ಪ್ರಶ್ನೆಯನ್ನು ಸಹಿಸದ ನಂಬಿಕೆಯಿಂದಲೇ ಅಲ್ಲವೆ?

ಕನಸನ್ನು ತಾನೇ ಕೆಡವಿದವರು

ಬರೋಸ್ ಬರೆಯಲು ಕುಳಿತಿದ್ದ ಶಿಕಾಗೊ ನಗರದ ವಿಶ್ವವಿದ್ಯಾಲಯದಿಂದಲೇ ಸೇಗನ್ 1960ರಲ್ಲಿ ಡಾಕ್ಟರೇಟ್ ಪಡೆದದ್ದು ಒಂದು ಕಾಕತಾಳೀಯ. 1965ರ ಜುಲೈನಲ್ಲಿ ಮ್ಯಾರಿನರ್-4 ನೌಕೆ ಮಂಗಳದ ಪಕ್ಕದಲ್ಲಿ ಹಾದು 22 ಚಿತ್ರಗಳನ್ನು ಕಳಿಸಿತು. ನಾಲೆಯಿಲ್ಲ, ನಗರವಿಲ್ಲ, ಕಂಡದ್ದು ಉಲ್ಕಾಕುಳಿಗಳು. ಗಾಳಿಯ ಒತ್ತಡ ಭೂಮಿಯದರ ನೂರರಲ್ಲೊಂದು ಪಾಲಿಗಿಂತ ಕಡಿಮೆ. ಇರುವ ಗಾಳಿಯಲ್ಲಿ ಶೇಕಡಾ 95ರಷ್ಟು ಇಂಗಾಲದ ಡೈಆಕ್ಸೈಡು. ಬಾರ್ಸೂಮ್‌ನ ಗಾಳಿ ಕಾರ್ಖಾನೆ ಎಂದೋ ಬಾಗಿಲು ಹಾಕಿದಂತಿತ್ತು!

ಋತು ಬದಲಾದಂತೆ ಮಂಗಳದ ಮೇಲೆ ಹಿಗ್ಗಿ ಕುಗ್ಗುವ ಕಪ್ಪು ಪಟ್ಟೆಗಳು ಸಸ್ಯರಾಶಿಯಿರಬಹುದೆಂಬ ಆಸೆ ಕೆಲವರಲ್ಲಿ ಉಳಿದಿತ್ತು. ಅದಕ್ಕೆ ಬೇರೆ ವಿವರಣೆ ಕೊಟ್ಟವರಲ್ಲಿ ಸೇಗನ್ ಮತ್ತು ಅವರ ಜೊತೆಗಾರ ಜೇಮ್ಸ್ ಪೊಲ್ಲಾಕ್ ಮುಖ್ಯರು. ಗಾಳಿ ಧೂಳನ್ನು ಹೊತ್ತೊಯ್ದು ನೆಲವನ್ನು ಮುಚ್ಚುತ್ತ, ತೆರೆಯುತ್ತ ಹೋಗುವುದೇ ಇದಕ್ಕೆ ಕಾರಣವೆಂದರು. 1971ರಲ್ಲಿ ಮಂಗಳವನ್ನು ಸುತ್ತತೊಡಗಿದ ಮ್ಯಾರಿನರ್-9 ಅದನ್ನು ಪುಷ್ಟೀಕರಿಸಿತು. ಬಾಲ್ಯದಲ್ಲಿ ತಾನು ಹೋಗಬಯಸಿದ ಲೋಕದ ಹಸುರನ್ನು ಅದೇ ಹುಡುಗ ಬೆಳೆದು ತನ್ನ ಕೈಯಾರೆ ಅಳಿಸಿದ. ವಿಜ್ಞಾನಿಯ ಪ್ರಾಮಾಣಿಕತೆಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕೆ?

1976ರ ಜುಲೈ 20ರಂದು ವೈಕಿಂಗ್-1 ಮಂಗಳದ ಮೇಲೆ ಇಳಿಯಿತು. ಸೇಗನ್ ಅದರ ಚಿತ್ರ ತಂಡದಲ್ಲಿದ್ದರು. ಕ್ಯಾಮೆರಾದ ಮುಂದೆ ಕಣ್ಣಿಗೆ ಕಾಣುವಂಥ ಜೀವಿಯೇ ಸುಳಿದರೂ ಸುಳಿಯಬಹುದೆಂಬ ಸಾಧ್ಯತೆಯನ್ನು ಅವರು ಆಗಲೂ ತಳ್ಳಿಹಾಕಿರಲಿಲ್ಲ. ಏನೂ ಸುಳಿಯಲಿಲ್ಲ. ಮಣ್ಣಿನ ಒಂದು ಪರೀಕ್ಷೆಯ ಫಲಿತಾಂಶ ಕೊಂಚ ಆಸೆ ಹುಟ್ಟಿಸಿತಾದರೂ, ಅದು ಜೀವದ ಗುರುತಲ್ಲ, ಮಣ್ಣಿನ ರಸಾಯನವೆಂದೇ ಹೆಚ್ಚಿನ ವಿಜ್ಞಾನಿಗಳು ನಿರ್ಧರಿಸಿದರು. ಮೊದಲು ನೀಲಿಯಾಗಿ ಮೂಡಿದ್ದ ಆಕಾಶದ ಚಿತ್ರ ತಪ್ಪೆಂದೂ, ಮಂಗಳದ ಆಕಾಶ ಧೂಳಿನಿಂದ ತಿಳಿಗೆಂಪೆಂದೂ ಪ್ರಕಟಿಸಿದಾಗ ನೆರೆದಿದ್ದ ಪತ್ರಕರ್ತರು ಹುಸಿಮುನಿಸಿನಿಂದ ಕೂಗೆಬ್ಬಿಸಿದರಂತೆ. ಮಂಗಳ ಭೂಮಿಯಂತೆಯೇ ಇರಲಿ ಎಂಬ ಆಸೆ ಎಲ್ಲರಿಗೂ!

ಬಿಡಬೇಕಾದ್ದು, ಉಳಿಸಿಕೊಳ್ಳಬೇಕಾದ್ದು

ಇಂದು ಬಾರ್ಸೂಮ್ ಸರಣಿಯನ್ನು ಕೈಗೆತ್ತಿಕೊಳ್ಳುವ ಓದುಗನಿಗೆ ವಿಜ್ಞಾನದ ತಪ್ಪುಗಳಿಗಿಂತ ಬೇರೆ ಸಂಗತಿಗಳು ಹೆಚ್ಚು ಚುಚ್ಚುತ್ತವೆ. ಜಾನ್ ಕಾರ್ಟರ್ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಯಬೇಕೆಂದು ಹೋರಾಡಿದ ದಕ್ಷಿಣ ರಾಜ್ಯಗಳ ಪಡೆಯ ಕ್ಯಾಪ್ಟನ್. ಕತೆಗಾರ ಅದಕ್ಕಾಗಿ ಅವನನ್ನು ಎಲ್ಲೂ ಪ್ರಶ್ನಿಸುವುದಿಲ್ಲ. ಮಂಗಳದ ಜನಾಂಗಗಳನ್ನು ಮೈಬಣ್ಣದಿಂದ ವಿಂಗಡಿಸಲಾಗಿದೆ. ರಾಜಕುಮಾರಿ ಅಪಹರಣವಾಗುವುದಕ್ಕೇ ಹುಟ್ಟಿದವಳಂತೆ ಕಾಣುತ್ತಾಳೆ. ಯಾವ ಸಮಸ್ಯೆಗೂ ಕತ್ತಿಯೇ ಪರಿಹಾರ. ಮೂರನೆಯ ಪುಸ್ತಕಕ್ಕೆ ಬರುವ ಹೊತ್ತಿಗೆ ಮುಂದೇನಾಗುವುದೆಂದು ಓದುಗ ಮೊದಲೇ ಹೇಳಬಲ್ಲ. 2012ರಲ್ಲಿ ಡಿಸ್ನಿ ಸಂಸ್ಥೆ ಅಪಾರ ಹಣ ಸುರಿದು ತೆಗೆದ 'ಜಾನ್ ಕಾರ್ಟರ್' ಚಿತ್ರ ನೆಲಕಚ್ಚಿತು. ಚಿತ್ರ ಬರುವ ವೇಳೆಗೆ ಪ್ರೇಕ್ಷಕರು ನಿಜವಾದ ಮಂಗಳವನ್ನೇ ನೋಡಿಯಾಗಿತ್ತು.

ಹಾಗಾದರೆ ಉಳಿಯುವುದೇನು? ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಸೇಗನ್ ತಮ್ಮ ಕಚೇರಿಯ ಹೊರಗಿನ ಗೋಡೆಯ ಮೇಲೆ ಹಲವು ವರ್ಷ ಬಾರ್ಸೂಮ್‌ನ ನಕ್ಷೆಯೊಂದನ್ನು ತೂಗುಹಾಕಿದ್ದರು. ಆ ನಕ್ಷೆಯ ಒಂದು ಊರೂ ಮಂಗಳದಲ್ಲಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಅದನ್ನು ಕಿತ್ತೆಸೆಯಲಿಲ್ಲ. 1996ರ ಡಿಸೆಂಬರ್ 20ರಂದು ತೀರಿಕೊಳ್ಳುವುದಕ್ಕೆ ಕೆಲವು ತಿಂಗಳ ಮೊದಲು ಅವರು ಮುಂದೆಂದೋ ಮಂಗಳದಲ್ಲಿ ನೆಲೆಸುವವರಿಗಾಗಿ ಒಂದು ಸಂದೇಶ ಧ್ವನಿಮುದ್ರಿಸಿದರು. ಮಂಗಳದ ವಿಷಯದಲ್ಲಿ ವಿಜ್ಞಾನವೂ ವಿಜ್ಞಾನ ಕತೆಯೂ ಒಂದಕ್ಕೊಂದು ಕೈಹಿಡಿದು ಕುಣಿದಿವೆ ಎಂಬುದು ಅದರ ಒಂದು ಮಾತಿನ ಸಾರ. ಮಂಗಳದ ಬಗೆಗಿನ ಕತೆಗಳೊಡನೆ ಆ ಧ್ವನಿ ತುಂಬಿದ ಒಂದು ಬಿಲ್ಲೆ 2008ರ ಮೇ 25ರಂದು ಫೀನಿಕ್ಸ್ ನೌಕೆಯ ಜೊತೆ ಮಂಗಳದ ಉತ್ತರಧ್ರುವದ ಹತ್ತಿರ ಇಳಿಯಿತು.

ಮಂಗಳದ ದಾರಿಯಲ್ಲಿ ನಮ್ಮ ಹೆಜ್ಜೆಯೂ ಮೂಡಿದೆ. ಇಸ್ರೊ 2013ರ ನವೆಂಬರ್ 5ರಂದು ಹಾರಿಸಿದ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮೊದಲ ಯತ್ನದಲ್ಲಿಯೇ ಮಂಗಳದ ಕಕ್ಷೆ ಸೇರಿತು. ಅದನ್ನು ಬೆಂಗಳೂರಿನಿಂದ ನಿಯಂತ್ರಿಸಲಾಗುತ್ತಿತ್ತು. ಬ್ಯಾಲಾಳಿನ ದೊಡ್ಡ ಆ್ಯಂಟೆನಾ ಅದರ ಮಾತಿಗೆ ಕಿವಿಗೊಡುತ್ತಿತ್ತು. 2022ರಲ್ಲಿ ಸಂಪರ್ಕ ಕಡಿಯುವ ಮೊದಲು ಅದು ಕಳಿಸಿದ ಚಿತ್ರಗಳಲ್ಲಿ ಪಶ್ಚಿಮದಲ್ಲಿ ಹುಟ್ಟುವ ಆ ಫೋಬೋಸ್‌ನದೂ ಇದೆ.

ಪಾಲಕರಿಗೆ ಒಂದು ಮಾತು

ಪರೀಕ್ಷೆ ಹತ್ತಿರ ಬಂದಾಗ ಮಗನ ಕೈಯಲ್ಲಿ ಕತೆ ಪುಸ್ತಕ ಕಂಡರೆ ತಂದೆತಾಯಿಗೆ ಕೋಪ ಬರುವುದು ಸಹಜ. ಅದರಲ್ಲಿಯೂ ಅದು ಅರ್ಧ ವಿಜ್ಞಾನ, ಅರ್ಧ ಮಂತ್ರಮಾಯೆಯ ಪುಸ್ತಕವಾದರೆ, ಓದಿದ ವಿಜ್ಞಾನವೂ ಕೆಟ್ಟೀತೆಂಬ ಭಯ. ಸೇಗನ್‌ರ ತಂದೆತಾಯಿ ವಿಜ್ಞಾನ ಬಲ್ಲವರಲ್ಲ. ಆದರೆ ಬೆರಗು ಮತ್ತು ಅನುಮಾನ ಎರಡನ್ನೂ ಅವರು ಮಗನಿಗೆ ಕಲಿಸಿದರೆಂದು ಸೇಗನ್ ಬರೆದಿದ್ದಾರೆ. ಬೆರಗು ಮಾತ್ರ ಇದ್ದಿದ್ದರೆ ಹುಡುಗ ಬಯಲಲ್ಲಿ ಕೈಚಾಚಿ ನಿಂತಲ್ಲೇ ನಿಲ್ಲುತ್ತಿದ್ದ. ಅನುಮಾನ ಮಾತ್ರ ಇದ್ದಿದ್ದರೆ ಬಯಲಿಗೆ ಹೋಗುತ್ತಲೇ ಇರಲಿಲ್ಲ.

ಆದ್ದರಿಂದ ಪುಸ್ತಕ ಕಸಿದುಕೊಳ್ಳುವ ಬದಲು ಪಕ್ಕದಲ್ಲಿ ಕುಳಿತು ಒಂದು ಪ್ರಶ್ನೆ ಕೇಳಬಹುದು: 'ಇದರಲ್ಲಿ ಯಾವುದು ಆಗುವಂಥದ್ದು, ಯಾವುದು ಆಗದಂಥದ್ದು? ಹೇಗೆ ಹೇಳುತ್ತೀಯ?' ಮಗುವಿಗೆ ಉತ್ತರ ಗೊತ್ತಿಲ್ಲದಿದ್ದರೆ ನಷ್ಟವಿಲ್ಲ. ಕೇಳಿದವರಿಗೂ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಇಬ್ಬರೂ ಸೇರಿ ಹುಡುಕಬಹುದು.

ಕಾರ್ಲ್ ಇನ್ನೂ ಹುಡುಗನಾಗಿದ್ದಾಗ ಅವನ ಅಜ್ಜ, ದೊಡ್ಡವನಾದ ಮೇಲೆ ಏನಾಗುತ್ತೀಯೆಂದು ಕೇಳಿದರಂತೆ. ಅಜ್ಜನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ನಡುವೆ ಒಬ್ಬರು ಅನುವಾದಿಸಬೇಕು. ಖಗೋಳಜ್ಞನಾಗುತ್ತೇನೆ ಎಂದ ಹುಡುಗ. ಅದು ಅನುವಾದವಾಗಿ ಅಜ್ಜನಿಗೆ ತಲುಪಿತು. ಅಜ್ಜ ತಲೆಯಾಡಿಸಿ, ಅದು ಸರಿ, ಹೊಟ್ಟೆಪಾಡಿಗೆ ಏನು ಮಾಡುತ್ತೀಯ ಎಂದು ಕೇಳಿದರು. ಲೋಕದ ಎಲ್ಲ ಮನೆಗಳಲ್ಲಿಯೂ ಕೇಳಿಬರುವ ಪ್ರಶ್ನೆಯೇ ಇದು. ಕೇಳಿದ್ದರಲ್ಲಿ ತಪ್ಪಿಲ್ಲ. ಹಾಗೆ ಕೇಳಿದ ಮೇಲೂ ಆ ಮನೆಯಲ್ಲಿ ಯಾರೂ ಹುಡುಗನ ಕೈಯಿಂದ ಪುಸ್ತಕ ಕಿತ್ತುಕೊಳ್ಳಲಿಲ್ಲ ಎಂಬುದೇ ದೊಡ್ಡದು.